ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿ ಓದುವವರು ಫಾಲ್ (ಎಲೆ ಉದುರುವ ಶರತ್ಕಾಲ) ಸಮಯದಲ್ಲಿ ಏನೇನು ನೋಡಬಹುದು?

ಅಕ್ಟೋಬರ್ ಮಧ್ಯದ ಹೊತ್ತಿಗೆ ಇಲ್ಲಿನ ಮೇಪಲ್ ಮರಗಳು ಕೆಂಪಾಗುತ್ತವೆ. ಆ ಒಂದೆರಡು ವಾರ ಲೈಬ್ರರಿಯಲ್ಲೇ ಕೂತು ಕಳೆಯಬೇಡಿ.

ಮೊದಲು ಟಗ್ಯಾನಕ್ ಜಲಪಾತಕ್ಕೆ ಹೋಗಿ. 215 ಅಡಿ ಎತ್ತರ, ನಯಾಗರಾಕ್ಕಿಂತ ಜಾಸ್ತಿ! ಕಣಿವೆಯ ಕೆಳಗಿನ ದಾರಿ ಸಮತಟ್ಟಾಗಿದೆ. ಸುಮ್ನೆ ಮಾತಾಡುತ್ತಾ ನಡೆದರೂ ಅರ್ಧ ಗಂಟೆಯಲ್ಲಿ ಜಲಪಾತದ ಎದುರು ನಿಂತಿರುತ್ತೀರಿ. ಒಳ್ಳೆ ಮಳೆ ಬಿದ್ದ ಮರುದಿನ ಹೋಗಿ. ನಮ್ಮ ಜೋಗದ ಹಾಗೆಯೇ, ನೀರಿದ್ದರೇ ಅದರ ಸೊಗಸು ಅಲ್ವಾ?

ಶನಿವಾರ ಕಯುಗಾ ಸರೋವರದ ದಡದಲ್ಲಿ ರೈತರ ಸಂತೆ ಇರುತ್ತದೆ. ಸೇಬು ಕೊಳ್ಳುವಾಗ ಕಾರ್ನೆಲ್ ವಿಶ್ವವಿದ್ಯಾಲಯದವರೇ ಅಭಿವೃದ್ಧಿಪಡಿಸಿದ ಸ್ನ್ಯಾಪ್‌ಡ್ರಾಗನ್ ತಳಿ ಕೇಳಿ ನೋಡಿ. ಕಚ್ಚಿದರೆ ಕರುಂ ಎನ್ನುತ್ತದೆ, ಸಿಹಿಯೂ ಹೌದು. ದಪ್ಪ ಜಾಕೆಟ್ ಮರೆಯಬೇಡಿ, ಬಿಸಿಲು ಇಳಿದ ಕೂಡಲೇ ಚಳಿ ಹಿಡಿಯುತ್ತದೆ.