ವ್ಯೂ ಒಳಗಿನ ಕಾಮೆಂಟ್ ಎಲ್ಲಿ ಹೋಯ್ತು?

ಪ್ರಶ್ನೆ: ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. ಡಬ್ಬಿ, ಕಡ್ಡಿ ತಳಿಗಳ ಸರಾಸರಿ ದರ ತೋರಿಸುವ ವ್ಯೂ (ಹೆಸರಿಟ್ಟು ಉಳಿಸಿದ ಕ್ವೆರಿ) ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ. ಯಾವ ಲಾಟ್ ಯಾಕೆ ಬಿಟ್ಟಿದ್ದೇನೆ ಅಂತ ಅದರೊಳಗೆ ಕನ್ನಡದಲ್ಲೇ ಕಾಮೆಂಟ್ ಬರೆದಿದ್ದೆ. ಈಗ ತೆಗೆದು ನೋಡಿದರೆ ಕಾಮೆಂಟ್ ಒಂದೂ ಇಲ್ಲ, ಸಾಲುಗಳ ಜೋಡಣೆಯೂ ಬೇರೆ. ಫಂಕ್ಷನ್‌ಗಳಲ್ಲಿ ಮಾತ್ರ ಎಲ್ಲ ಹಾಗೇ ಇದೆ. ಯಾರಾದರೂ ಕೈಯಾಡಿಸಿದ್ದಾರಾ ಸರ್?
– ಓದುಗರೊಬ್ಬರು, ಬ್ಯಾಡಗಿ

ಉತ್ತರ: ಯಾರೂ ಕೈಯಾಡಿಸಿಲ್ಲ, ಗಾಬರಿ ಬೇಡ. ನೀವು ಟೈಪ್ ಮಾಡಿದ ಸಾಲುಗಳನ್ನು ಪೋಸ್ಟ್‌ಗ್ರೆಸ್ ಇಟ್ಟುಕೊಳ್ಳುವುದೇ ಇಲ್ಲ. ಕ್ರಿಯೇಟ್ ವ್ಯೂ ಕೊಟ್ಟ ಕೂಡಲೇ ಕ್ವೆರಿಯನ್ನು ಬಿಡಿಸಿ, ಯಾವ ಟೇಬಲ್, ಯಾವ ಕಾಲಂ ಅಂತ ಗುರುತು ಹಿಡಿದು, ಬಿಡಿಸಿದ ಆ ರೂಪವನ್ನು ಪಿಜಿ_ರಿರೈಟ್ ಅನ್ನುವ ಕ್ಯಾಟಲಾಗ್ ಟೇಬಲ್‌ನಲ್ಲಿ (ಡೇಟಾಬೇಸ್ ತನ್ನದೇ ವಿವರ ಇಟ್ಟುಕೊಳ್ಳುವ ಟೇಬಲ್) ಹಾಕುತ್ತದೆ. ಕಾಮೆಂಟ್ ಅಷ್ಟರಲ್ಲೇ ಹೋಗಿರುತ್ತದೆ. ಆಮೇಲೆ ನಿಮಗೆ ಕಾಣುವುದು ಪಿಜಿ_ಗೆಟ್_ವ್ಯೂಡೆಫ್ ಅನ್ನುವ ಫಂಕ್ಷನ್ ಆ ರೂಪದಿಂದ ಹೊಸದಾಗಿ ಬರೆದುಕೊಟ್ಟ ಎಸ್‌ಕ್ಯೂಎಲ್. ಪಿಜಿ_ಡಂಪ್ ಬ್ಯಾಕಪ್‌ನಲ್ಲಿ ಹುಡುಕಿದರೂ ಸಿಗಲ್ಲ, ಅದೂ ಇಲ್ಲಿಂದಲೇ ತೆಗೆದುಕೊಳ್ಳುತ್ತದೆ.

ಇದರಿಂದ ಲಾಭವೂ ಇದೆ. ಟೇಬಲ್ಲಿನ ಗುರುತು ಹೆಸರಲ್ಲ, ಓಐಡಿ ಅನ್ನುವ ನಂಬರು. ನಾಳೆ ಲಾಟ್ ಟೇಬಲ್ಲಿನ ಹೆಸರು ಬದಲಿಸಿದರೂ ವ್ಯೂ ನಡೆಯುತ್ತದೆ. ಆದರೆ ಸೆಲೆಕ್ಟ್ ಸ್ಟಾರ್ (ಎಲ್ಲ ಕಾಲಂ ಕೊಡು ಅನ್ನುವುದು) ಹಾಕಿದ್ದರೆ ಹುಷಾರು: ವ್ಯೂ ಮಾಡಿದಾಗ ಇದ್ದ ಕಾಲಂಗಳಷ್ಟೇ ಅದರಲ್ಲಿರುತ್ತವೆ, ಆಮೇಲೆ ಸೇರಿಸಿದ್ದು ಬರುವುದಿಲ್ಲ.

ಪೋಸ್ಟ್‌ಗ್ರೆಸ್‌ನ ಪಿಎಲ್ ಪಿಜಿಎಸ್‌ಕ್ಯೂಎಲ್ ಭಾಷೆಯಲ್ಲಿ ಬರೆದ ನಿಮ್ಮ ಫಂಕ್ಷನ್‌ಗಳ ಕಥೆ ಪೂರ್ತಿ ಉಲ್ಟಾ. ಒಳಗಿನ ಕೋಡ್ ಪಿಜಿ_ಪ್ರಾಕ್ ಟೇಬಲ್ಲಿನ ಪ್ರೊಎಸ್‌ಆರ್‌ಸಿ ಕಾಲಂನಲ್ಲಿ ಬರೆದದ್ದು ಬರೆದ ಹಾಗೇ ಕೂತಿರುತ್ತದೆ, ಕನ್ನಡ ಕಾಮೆಂಟ್ ಸಮೇತ. ಅದಕ್ಕೇ ಟೇಬಲ್ಲಿನ ಹೆಸರು ಬದಲಿಸಿದರೆ ಫಂಕ್ಷನ್ ಕೈಕೊಡುತ್ತದೆ, ಅದೂ ಓಡಿಸಿದಾಗಲೇ ಗೊತ್ತಾಗುವುದು. ಇಲ್ಲೇ ಜನ ಜಾಸ್ತಿ ಒದ್ದಾಡುತ್ತಾರೆ. ಎಸ್‌ಕ್ಯೂಲೈಟ್ ಅನ್ನುವ ಇನ್ನೊಂದು ಡೇಟಾಬೇಸ್ ಆಗಿದ್ದರೆ ವ್ಯೂ ಕೂಡ ಸ್ಕೀಮಾ ಟೇಬಲ್ಲಿನಲ್ಲಿ ಪಠ್ಯವಾಗಿಯೇ ಇರುತ್ತಿತ್ತು.

ಸುಮ್ನೆ ನಾನು ಹೇಳಿದೆ ಅಂತ ನಂಬಬೇಡಿ, ಪಿಜಿ_ಪ್ರಾಕ್ ಮೇಲೆ ಒಂದು ಸೆಲೆಕ್ಟ್ ಹೊಡೆದು ನೋಡಿ. ಕ್ಯಾಟಲಾಗನ್ನೂ ಮಾಮೂಲಿ ಡೇಟಾದ ಥರ ಅದೇ ಕ್ವೆರಿ ಭಾಷೆಯಲ್ಲಿ ಓದಲು ಬರಬೇಕು ಅನ್ನುವುದು ರಿಲೇಷನಲ್ ಡೇಟಾಬೇಸ್‌ನ ಜನಕ ಎಡ್ಗರ್ ಕಾಡ್ 1985ರಲ್ಲಿ ಕೊಟ್ಟ ನಿಯಮಗಳಲ್ಲಿ 4ನೆಯದು. ನನಗೆ ಬಹಳ ಇಷ್ಟವಾದ ನಿಯಮ ಅದು.

ಈಗ ನಿಮ್ಮ ಕೆಲಸ. ಮೂಲ ಎಸ್‌ಕ್ಯೂಎಲ್ ಫೈಲನ್ನು ಗಿಟ್‌ನಲ್ಲಿಡಿ (ಫೈಲಿನ ಹಳೆ ರೂಪಗಳನ್ನೆಲ್ಲ ಉಳಿಸಿಡುವ ಸಾಫ್ಟ್‌ವೇರ್). ಯಾವ ಲಾಟ್ ಯಾಕೆ ಬಿಟ್ಟಿರಿ ಅನ್ನುವುದನ್ನು ಕಾಮೆಂಟ್ ಆನ್ ವ್ಯೂ ಕಮಾಂಡ್‌ನಿಂದ ಬರೆಯಿರಿ. ಅದು ಪಿಜಿ_ಡಿಸ್ಕ್ರಿಪ್ಷನ್‌ನಲ್ಲಿ ಉಳಿಯುತ್ತದೆ, ಬ್ಯಾಕಪ್‌ನಲ್ಲೂ ಬರುತ್ತದೆ. ಕಾರಣಗಳು ನೆನಪಿರುವಾಗಲೇ, ಇವತ್ತೇ ಬರೆದುಬಿಡಿ.