ಸಂಪಾದಕರ ಉತ್ತರ: ಟ್ರಂಕಿನ ಕಾಗದಗಳು ಕ್ಲೌಡ್‌ಗೆ ಹೋದ ಮೇಲೆ

ಮಾನ್ಯರೇ,

ಪಾಂಡವಪುರದಿಂದ ತಾವು ಬರೆದ ಪತ್ರ ನಮ್ಮ ಮೈಸೂರು ಕಚೇರಿಗೆ ತಲುಪಿದೆ. ಇತರ ಓದುಗರ ತಿಳಿವಳಿಕೆಗಾಗಿ ಅದರ ಸಾರವನ್ನು ಮೊದಲು ಹೇಳುತ್ತೇನೆ. ಹೊರದೇಶದಲ್ಲಿರುವ ತಮ್ಮ ಮಗ ರಜೆಗೆ ಬಂದಿದ್ದಾಗ ಟ್ರಂಕಿನಲ್ಲಿದ್ದ ಕ್ರಯಪತ್ರ, ಪಹಣಿ, ಪಿಂಚಣಿ ಆದೇಶ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು, ಜೊತೆಗೆ ತೀರಿಕೊಂಡ ತಮ್ಮ ಪತ್ನಿಯವರ ಹಳೆಯ ಫೋಟೊಗಳು, ಇಷ್ಟನ್ನೂ ಸ್ಕ್ಯಾನ್ ಮಾಡಿ ಕ್ಲೌಡ್ ಎಂದು ಕರೆಯುವ ಆನ್‌ಲೈನ್ ಸಂಗ್ರಹದಲ್ಲಿ ಇಟ್ಟು, ‘ಇನ್ನು ಟ್ರಂಕಿನ ಗೊಡವೆ ಬೇಡ’ ಎಂದು ಹೇಳಿ ಹೋಗಿದ್ದಾರೆ. ಮುಖ ಕಾಣದ ಕಂಪನಿಯನ್ನು ಇಷ್ಟು ನಂಬಬಹುದೇ, ಹಳೆಯ ಕಾಗದಗಳನ್ನು ವಿಲೇವಾರಿ ಮಾಡಬಹುದೇ ಎಂದು ತಾವು ಕೇಳಿದ್ದೀರಿ.

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ತುರ್ತಿನದು. ದಯವಿಟ್ಟು ಯಾವುದನ್ನೂ ವಿಲೇವಾರಿ ಮಾಡಬೇಡಿ. ನೋಂದಾಯಿತ ಕ್ರಯಪತ್ರದ ಸ್ಕ್ಯಾನ್ ಎಂಬುದು ಅದರ ಚಿತ್ರವೇ ಹೊರತು ಕ್ರಯಪತ್ರವಲ್ಲ. ನಾಳೆ ಸಾಲಕ್ಕೋ ಮಾರಾಟಕ್ಕೋ ಹೋದರೆ ಮೂಲವನ್ನೇ ಕೇಳುತ್ತಾರೆ. ಸರ್ಕಾರದ ಡಿಜಿಲಾಕರ್‌ನಲ್ಲಿಯೂ ಈ ಭೇದವಿದೆ: ಇಲಾಖೆಯೇ ನೇರವಾಗಿ ನೀಡಿದ ದಾಖಲೆಗೆ ಅಲ್ಲಿ ಮೂಲದ ಮಾನ್ಯತೆ ಇದೆ, ನಾವೇ ಸ್ಕ್ಯಾನ್ ಮಾಡಿ ಏರಿಸಿದ್ದಕ್ಕೆ ಇಲ್ಲ.

ಇನ್ನು ನಂಬಿಕೆಯ ವಿಚಾರ. ನಂಬಬಹುದೇ ಎಂಬ ಒಂದು ಮಾತಿನೊಳಗೆ ಎರಡು ಪ್ರಶ್ನೆಗಳು ಸೇರಿಕೊಂಡಿವೆ: ಇಟ್ಟದ್ದು ಕಳೆದುಹೋಗುವುದೇ ಎಂಬುದೊಂದು, ಇಟ್ಟದ್ದನ್ನು ಬೇರೆಯವರು ನೋಡುವರೇ ಎಂಬುದು ಇನ್ನೊಂದು. ತಮ್ಮ ಟ್ರಂಕಿನ ವಸ್ತುಗಳೂ ಇದೇ ಪ್ರಕಾರ ಎರಡಾಗುತ್ತವೆ. ಆಧಾರ್ ಕಳೆದರೆ ಇನ್ನೊಂದು ಪ್ರತಿ ಸಿಗುತ್ತದೆ, ಪಹಣಿಯನ್ನು ಭೂಮಿ ವ್ಯವಸ್ಥೆಯಿಂದ ಯಾವಾಗ ಬೇಕಾದರೂ ಪಡೆಯಬಹುದು. ಆದರೆ ಆಧಾರ್ ಮತ್ತು ಪಾಸ್‌ಬುಕ್ಕಿನ ಚಿತ್ರ ವಂಚಕರ ಕೈಗೆ ಸಿಕ್ಕರೆ ಅಪಾಯ. ಪತ್ನಿಯವರ ಫೋಟೊಗಳದ್ದು ಇದಕ್ಕೆ ತದ್ವಿರುದ್ಧ. ಅವನ್ನು ಯಾರೋ ನೋಡಿದರೆ ಆಗುವ ಹಾನಿ ಸ್ವಲ್ಪ, ಕಳೆದುಹೋದರೆ ಜಗತ್ತಿನ ಯಾವ ಕಚೇರಿಯೂ ನಕಲು ಕೊಡಲಾರದು. ಆದ್ದರಿಂದ ಎರಡಕ್ಕೂ ಒಂದೇ ಉಪಾಯ ಸಾಲದು.

ಕಳೆದುಹೋಗುವ ಮಾತನ್ನು ನೋಡೋಣ. ದೊಡ್ಡ ಸಂಸ್ಥೆಗಳು ಒಂದೇ ಕಡತವನ್ನು ಹಲವು ಯಂತ್ರಗಳಲ್ಲಿ ಇಡುವುದರಿಂದ, ಒಂದು ಡಿಸ್ಕ್ ಕೆಟ್ಟರೆ ನಮಗೆ ಗೊತ್ತೂ ಆಗುವುದಿಲ್ಲ. ಗೆದ್ದಲಿಗೂ ಸೋರುವ ಮಾಡಿಗೂ ಸಿಗುವ ಟ್ರಂಕಿಗಿಂತ ಇದು ಖಂಡಿತ ಭದ್ರ. ಆದರೂ 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರವೊಂದು ಸುಟ್ಟುಹೋದಾಗ, ಬೇರೆಡೆ ಪ್ರತಿ ಇಟ್ಟುಕೊಳ್ಳದಿದ್ದ ಗ್ರಾಹಕರು ಎಲ್ಲವನ್ನೂ ಕಳೆದುಕೊಂಡರು. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿ ಆದದ್ದು ಇನ್ನೂ ಕಳವಳದ ಸಂಗತಿ: ಅಲ್ಲಿನ ಸರ್ಕಾರವೇ ತನ್ನ ನೌಕರರಿಗಾಗಿ ನಡೆಸುತ್ತಿದ್ದ ಸಂಗ್ರಹದಲ್ಲಿ, ಬ್ಯಾಟರಿಯಿಂದ ಹೊತ್ತಿದ ಬೆಂಕಿಗೆ ಸುಮಾರು 858 ಟೆರಾಬೈಟ್ ಕಡತಗಳು ಬೂದಿಯಾದವು, ಹೊರಗೆ ಎಲ್ಲಿಯೂ ಅವುಗಳ ಪ್ರತಿ ಇರಲಿಲ್ಲ.

ಬೆಂಕಿಯಂತಹ ಅನಾಹುತ ಅಪರೂಪ. ದಿನನಿತ್ಯದ ನಷ್ಟ ನಮ್ಮ ಕೈಯಿಂದಲೇ ಆಗುತ್ತದೆ. ನಮ್ಮ ಕಚೇರಿಯಲ್ಲಿ ಹಳೆಯ ಸಂಚಿಕೆಗಳ ಸ್ಕ್ಯಾನ್‌ಗಳನ್ನು ಇಂಥದೇ ಒಂದು ಸೇವೆಯಲ್ಲಿ ಇಟ್ಟಿದ್ದೆವು. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆಂದು ಸಹೋದ್ಯೋಗಿಯೊಬ್ಬರು ಒಂದು ಫೋಲ್ಡರನ್ನು ಅಳಿಸಿದರು; ಅದು ಲ್ಯಾಪ್‌ಟಾಪಿನಿಂದ ಮಾತ್ರವಲ್ಲ, ಆ ಸೇವೆಯಿಂದಲೂ ನಮ್ಮೆಲ್ಲರ ಯಂತ್ರಗಳಿಂದಲೂ ಒಟ್ಟಿಗೆ ಮಾಯವಾಯಿತು. ಮೂರನೆಯ ವಾರದಲ್ಲಿ ಯಾರಿಗೋ ಅನುಮಾನ ಬಂದದ್ದರಿಂದ, ಅಳಿಸಿದ್ದನ್ನು ಮೂವತ್ತು ದಿನ ಉಳಿಸಿಕೊಳ್ಳುವ ಆ ಸೇವೆಯ ‘ಕಸದ ಬುಟ್ಟಿ’ಯಿಂದ, ಗಡುವು ಮುಗಿಯುವ ಮೊದಲೇ ಹಿಂದಕ್ಕೆ ಪಡೆದೆವು. ಆ ವಾರ ನಾನು ಪಟ್ಟ ಆತಂಕವನ್ನು ಮರೆತಿಲ್ಲ. ಎಲ್ಲ ಕಡೆ ಒಂದೇ ಸಮನೆ ಕಾಣುವಂತೆ ಮಾಡುವ ಸೇವೆ ಅಳಿಸಿದ್ದನ್ನೂ ಎಲ್ಲ ಕಡೆ ಅಳಿಸುತ್ತದೆ. ಅದನ್ನು ಬೇರೊಂದು ಪ್ರತಿ ಎಂದು ಲೆಕ್ಕ ಹಿಡಿಯಲಾಗದು.

ಪ್ರತಿಯ ಬೆಲೆ ಮೈಸೂರಿಗೆ ಹೊಸದಲ್ಲ. ಶತಮಾನಗಳ ಕಾಲ ಉಲ್ಲೇಖಗಳಿಂದಷ್ಟೇ ವಿದ್ವಾಂಸರಿಗೆ ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರ 1905ರಲ್ಲಿ ಇಲ್ಲಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು, ಯಾರೋ ಅನಾಮಿಕ ಲಿಪಿಕಾರ ಎಂದೋ ತಾಳೆಗರಿಯಲ್ಲಿ ಮಾಡಿಟ್ಟಿದ್ದ ಒಂದು ನಕಲಿನಿಂದ. ಅವರು 1909ರಲ್ಲಿ ಅದನ್ನು ಅಚ್ಚು ಮಾಡಿಸಿದ ಮೇಲೆಯೇ ಆ ಗ್ರಂಥ ಮತ್ತೆ ಕಳೆದುಹೋಗುವ ಭಯ ತಪ್ಪಿತು. ತಮ್ಮ ಫೋಟೊಗಳಿಗೂ ಇದೇ ಬೇಕು: ಮೂಲಗಳು ಟ್ರಂಕಿನಲ್ಲಿರಲಿ, ಒಂದು ಪ್ರತಿ ಆನ್‌ಲೈನ್‌ನಲ್ಲಿರಲಿ, ಇನ್ನೊಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ ಮಂಡ್ಯದಲ್ಲೋ ಮೈಸೂರಿನಲ್ಲೋ ಇರುವ ಬಂಧುಗಳ ಮನೆಯಲ್ಲಿರಲಿ.

ಬೇರೆಯವರು ನೋಡುವ ಪ್ರಶ್ನೆಯಲ್ಲಿ ಕೇಳಬೇಕಾದದ್ದು ಕೀಲಿ ಯಾರ ಬಳಿ ಇದೆ ಎಂದು. ಬ್ಯಾಂಕಿನ ಲಾಕರ್ ತೆರೆಯಲು ಅವರ ಕೀಲಿಯೂ ನಮ್ಮ ಕೀಲಿಯೂ ಕೂಡಬೇಕು. ಆನ್‌ಲೈನ್ ಸಂಗ್ರಹಗಳು ಕಡತಗಳನ್ನು ಕೀಲಿಯಿಲ್ಲದೆ ಓದಲಾಗದ ಗೂಢಲಿಪಿಯಲ್ಲಿ ಇಡುತ್ತೇವೆ ಎನ್ನುವುದು ನಿಜವಾದರೂ, ಬಹುಪಾಲು ಸೇವೆಗಳಲ್ಲಿ ಆ ಕೀಲಿ ಕಂಪನಿಯ ಬಳಿಯೇ ಇರುತ್ತದೆ. ನ್ಯಾಯಾಲಯ ಕೇಳಿದರೆ ಅವರು ತೆರೆಯಬಲ್ಲರು, ಅವರು ಎಡವಿದರೆ ಬೇರೆಯವರೂ ತೆರೆಯಬಲ್ಲರು. 2011ರ ಜೂನ್‌ನಲ್ಲಿ ಇಂಥ ಸಂಗ್ರಹ ಸೇವೆ ನೀಡುವ ಡ್ರಾಪ್‌ಬಾಕ್ಸ್ ಸಂಸ್ಥೆಯ ತಂತ್ರಾಂಶದ ದೋಷದಿಂದ ಸುಮಾರು ನಾಲ್ಕು ಗಂಟೆಗಳ ಕಾಲ ಯಾವ ಪಾಸ್‌ವರ್ಡ್ ಹಾಕಿದರೂ ಖಾತೆಗಳು ತೆರೆದುಕೊಳ್ಳುವಂತಾಗಿತ್ತು. ಅದೇ ಸಂಸ್ಥೆಯಿಂದ 2012ರಲ್ಲಿ ಕಳುವಾದ ಮಾಹಿತಿಯಲ್ಲಿ 6.8 ಕೋಟಿಗೂ ಹೆಚ್ಚು ಖಾತೆಗಳ ವಿವರಗಳಿದ್ದವೆಂಬುದು ಹೊರಬಿದ್ದದ್ದು 2016ರಲ್ಲಿ.

ಕಾನೂನಿನ ರಕ್ಷಣೆ ಇಲ್ಲವೆಂದಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಭದ್ರತೆಯಲ್ಲಿ ಲೋಪ ಮಾಡಿದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ. ಆದರೆ ಆ ದಂಡ ಸೇರುವುದು ಸರ್ಕಾರದ ಖಜಾನೆಗೆ, ಹಾನಿಗೊಳಗಾದವರಿಗಲ್ಲ. ಇದು ಆ ಕಾಯ್ದೆಯ ದೊಡ್ಡ ಕೊರತೆ ಎಂದೇ ನಾನು ತಿಳಿದಿದ್ದೇನೆ.

ಹೀಗಿರುವಾಗ ಆಧಾರ್, ಪಾಸ್‌ಬುಕ್ಕು, ಪಿಂಚಣಿ ಕಾಗದಗಳನ್ನು ನಾವೇ ಬೀಗ ಹಾಕಿ ಕಳಿಸುವುದು ಸರಿಯಾದ ದಾರಿ. ಕ್ರಿಪ್ಟೊಮೇಟರ್, ಸೆವೆನ್‌ಜಿಪ್‌ನಂತಹ ತಂತ್ರಾಂಶಗಳಿಂದ ಕಡತವನ್ನು ಮನೆಯ ಕಂಪ್ಯೂಟರಿನಲ್ಲಿಯೇ ಗೂಢಲಿಪಿಗೆ ಇಳಿಸಿ ನಂತರ ಏರಿಸಿದರೆ, ಕಂಪನಿಯ ಕೈಯಲ್ಲಿರುವುದು ಮುಚ್ಚಿದ ಪೆಟ್ಟಿಗೆ ಮಾತ್ರ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಆ ಪಾಸ್‌ವರ್ಡ್ ಮರೆತರೆ ಯಾರೂ ತೆರೆದುಕೊಡಲಾರರು. ಅದನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ. ಬರೆದಿಡಬಾರದು ಎಂಬ ಉಪದೇಶ ತಮ್ಮ ವಯಸ್ಸಿನವರಿಗೆ ಒಪ್ಪುವುದಿಲ್ಲ.

ಮಗ ಮುಂದಿನ ಸಲ ಫೋನ್ ಮಾಡಿದಾಗ ಖಾತೆ ಯಾರ ಹೆಸರಿನಲ್ಲಿದೆ, ಒಟಿಪಿ ಯಾವ ನಂಬರಿಗೆ ಬರುತ್ತದೆ ಎಂದು ತಪ್ಪದೆ ಕೇಳಿ. ನಿಂತುಹೋದ ನಂಬರು ಕೆಲವು ತಿಂಗಳ ಮೇಲೆ ಬೇರೊಬ್ಬರ ಪಾಲಾಗುತ್ತದೆ. ಗೂಗಲ್ ಸಂಸ್ಥೆಯ ನಿಯಮದಂತೆ ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಅದರಲ್ಲಿರುವುದರ ಸಮೇತ ಅಳಿಸಬಹುದು. ಬಂಧುಗಳಿಗೆ ಫೋಟೊ ಕಳಿಸಲೆಂದು ‘ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು’ ಎಂದು ತೆರೆದಿಟ್ಟ ಫೋಲ್ಡರಿನಲ್ಲಿಯೇ ಪಾಸ್‌ಬುಕ್ಕೂ ಇದೆಯೇ ಎಂಬುದನ್ನೂ ಅವರೇ ನೋಡಿ ಹೇಳಲಿ.

ಫೋಟೊಗಳ ಹಿಂಬದಿಯಲ್ಲಿ ಪತ್ನಿಯವರು ತಮ್ಮ ಕೈಯಾರೆ ಊರು, ತಾರೀಕು ಬರೆದಿಟ್ಟಿದ್ದಾರೆಂದು ತಾವು ಪತ್ರದ ಕೊನೆಯಲ್ಲಿ ತಿಳಿಸಿದ್ದೀರಿ. ಸ್ಕ್ಯಾನ್ ಮಾಡುವವರು ಸಾಮಾನ್ಯವಾಗಿ ಮುಂಬದಿಯನ್ನಷ್ಟೇ ಮಾಡುತ್ತಾರೆ. ಆ ಬರಹವೂ ಸೇರಿದೆಯೇ ನೋಡಿ. ಸೇರಿರದಿದ್ದರೆ, ಮಗ ಮತ್ತೆ ಬರುವವರೆಗೆ ಕಾಯದೆ, ಮೈಸೂರಿಗೆ ಬಂದಾಗ ಫೋಟೊಗಳನ್ನು ನಮ್ಮ ಕಚೇರಿಗೆ ತನ್ನಿ. ತಾವು ಪಕ್ಕದಲ್ಲಿ ಕುಳಿತಿರುವಾಗಲೇ ಎರಡೂ ಬದಿಯನ್ನು ಸ್ಕ್ಯಾನ್ ಮಾಡಿಕೊಡುತ್ತೇವೆ.

ಇಂತಿ,
ಸಂಪಾದಕ