ಮಗುವಿನ ಸುಪರ್ದಿ: ಯಾವ ಊರಿನ ನ್ಯಾಯಾಲಯ?

ಪ್ರಶ್ನೆ: ನನ್ನ ಮಗಳು ಪುಣೆಯ ಗಂಡನ ಮನೆಯನ್ನು ಬಿಟ್ಟು ಹುಬ್ಬಳ್ಳಿಗೆ ಬಂದು ಒಂದೂವರೆ ವರ್ಷವಾಯಿತು. ನಾಲ್ಕು ವರ್ಷದ ಮೊಮ್ಮಗ ಇಲ್ಲಿಯೇ ಶಾಲೆಗೆ ಹೋಗುತ್ತಿದ್ದಾನೆ. ಈಗ ಅಳಿಯ ಮಗುವಿನ ಸುಪರ್ದಿ ಕೋರಿ ಪುಣೆಯಲ್ಲಿ ಅರ್ಜಿ ಹಾಕಿದ್ದಾರೆ. ವಿಚಾರಣೆ ಎಲ್ಲಿ ನಡೆಯಬೇಕು?
– ಓರ್ವ ಅಜ್ಜಿ, ಹುಬ್ಬಳ್ಳಿ

ಉತ್ತರ: ಅಮ್ಮಾ, ಮಕ್ಕಳ ಪಾಲಕತ್ವಕ್ಕೆ ಸಂಬಂಧಿಸಿದ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 9ನೇ ಕಲಮಿನ ಪ್ರಕಾರ, ತಂದೆ ಅಥವಾ ತಾಯಿ ಎಲ್ಲಿದ್ದಾರೆ ಎಂಬುದಲ್ಲ, ಮಗು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತಿದೆ ಎಂಬುದೇ ಮುಖ್ಯ. ಇದು ಬಹುಮಟ್ಟಿಗೆ ಸಾಕ್ಷ್ಯದಿಂದ ತೀರ್ಮಾನವಾಗಬೇಕಾದ ವಿಷಯವೆಂದು 2011ರಲ್ಲಿ ರುಚಿ ಮಜೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಶಾಲೆಯ ದಾಖಲಾತಿ, ಲಸಿಕೆಯ ಕಾರ್ಡು, ವೈದ್ಯರ ಚೀಟಿಗಳನ್ನು ಜೋಪಾನವಾಗಿಡಿ. ನಿಮ್ಮ ವಾದಕ್ಕೆ ಇವೇ ಬಲ.

ಆದರೆ ಅಳಿಯ ವಿಚ್ಛೇದನದ ಅರ್ಜಿಯೊಳಗೇ, ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿ ಸುಪರ್ದಿ ಕೇಳಿದ್ದರೆ ಮಾತು ಬೇರೆ. ದಂಪತಿ ಕೊನೆಯದಾಗಿ ಒಟ್ಟಿಗೆ ಬಾಳಿದ ಊರಿನ ನ್ಯಾಯಾಲಯಕ್ಕೂ ಆ ಅರ್ಜಿಯನ್ನು ವಿಚಾರಿಸುವ ಅಧಿಕಾರವಿದೆ. ಹೀಗಾಗಿ ಅರ್ಜಿಯ ಪ್ರತಿಯನ್ನು ಮೊದಲು ವಕೀಲರಿಗೆ ತೋರಿಸಿ. ಪ್ರಕರಣವನ್ನು ಮಹಾರಾಷ್ಟ್ರದಿಂದ ಕರ್ನಾಟಕಕ್ಕೆ ವರ್ಗಾಯಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಕಲಮಿನಡಿ ಸುಪ್ರೀಂ ಕೋರ್ಟಿಗೇ ಹೋಗಬೇಕಾಗುತ್ತದೆ.

ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ಹೇಳುತ್ತದಾದರೂ, ಆ ಧೈರ್ಯದಿಂದ ಪುಣೆಯ ಸಮನ್ಸನ್ನು ಕಡೆಗಣಿಸುವುದು ತೀರ ಅಪಾಯಕಾರಿ. ಹಾಜರಾಗದಿದ್ದರೆ ಏಕಪಕ್ಷೀಯ ಆದೇಶವಾಗಬಹುದು. ನಿಮ್ಮ ಮಗಳು ಮೊದಲ ಅವಕಾಶದಲ್ಲಿಯೇ ವಕೀಲರ ಮೂಲಕ ಹಾಜರಾಗಿ, ಅಧಿಕಾರವ್ಯಾಪ್ತಿಯ ಆಕ್ಷೇಪಣೆಯನ್ನು (ಈ ಅರ್ಜಿಯನ್ನು ವಿಚಾರಿಸುವ ಅಧಿಕಾರ ಪುಣೆಯ ನ್ಯಾಯಾಲಯಕ್ಕಿಲ್ಲ ಎಂಬುದನ್ನು) ಲಿಖಿತವಾಗಿ ಸಲ್ಲಿಸಲಿ.